ಲ್ಯಾಬ್‌ನಲ್ಲಿ ಚರ್ಮ ಬೆಳೆಸಬಹುದಾದರೆ ತೊಡೆಯ ಚರ್ಮ ಏಕೆ ತೆಗೆಯುತ್ತಾರೆ?

ಪ್ರಶ್ನೆ: ನಮ್ಮ ಚಿಕ್ಕಮ್ಮನ ಸೀರೆಗೆ ಬೆಂಕಿ ತಗುಲಿ ಎದೆ, ಹೊಟ್ಟೆಯ ಭಾಗ ಆಳವಾಗಿ ಸುಟ್ಟಿದೆ. ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕು ಎಂದಿದ್ದಾರೆ ಡಾಕ್ಟರು. ಈಗ ಚರ್ಮವನ್ನು ಲ್ಯಾಬ್‌ನಲ್ಲೇ ಬೆಳೆಸುತ್ತಾರಂತಲ್ಲ, ಅದನ್ನೇ ಹಾಕಬಾರದೇ?

ಉತ್ತರ: ಸುಟ್ಟಗಾಯದ ವಾರ್ಡಿನಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ಅಷ್ಟೊಂದು ನೋವಿನಲ್ಲಿರುವವರಿಗೆ ಇನ್ನೊಂದು ಕಡೆ ಗಾಯ ಮಾಡುವುದೆಂದರೆ ಮನೆಯವರಿಗೆ ಸಂಕಟವಾಗದೆ ಇರುತ್ತದೆಯೇ? ಆದರೂ ಆಳದ ಸುಟ್ಟಗಾಯಕ್ಕೆ ರೋಗಿಯ ಸ್ವಂತ ಚರ್ಮಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಚರ್ಮದ ಹೊರಪದರ ಬಲು ತೆಳು. ಅದರ ಕೆಳಗೆ ದಪ್ಪನೆಯ ಒಳಪದರ. ರಕ್ತನಾಳ, ನರ, ಕೂದಲ ಬುಡ, ಬೆವರಿನ ಗ್ರಂಥಿಗಳೆಲ್ಲ ಇರುವುದು ಅಲ್ಲಿ. ಚರ್ಮಕ್ಕೆ ಗಟ್ಟಿತನ ಬರುವುದೂ ಅದರಿಂದಲೇ. ಲ್ಯಾಬ್‌ಗಳು ಕಲಿತಿರುವುದು ಮುಖ್ಯವಾಗಿ ಹೊರಪದರ ಬೆಳೆಸುವುದನ್ನು. 1975ರಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಇಲಿಯ ಜೀವಕೋಶಗಳ ಹಾಸಿನ ಮೇಲೆ ಮನುಷ್ಯರ ಚರ್ಮದ ಕೋಶಗಳನ್ನು ಬೆಳೆಸಿ ತೋರಿಸಿದರು. 1983ರಲ್ಲಿ ಬಾಸ್ಟನ್‌ಗೆ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಬಂದಾಗ ಅವರ ಮೈ ಶೇ. 95ಕ್ಕೂ ಹೆಚ್ಚು ಸುಟ್ಟಿತ್ತು. ಸುಡದೆ ಉಳಿದಿದ್ದ ಚೂರು ಚರ್ಮದಿಂದ ಹಾಳೆಗಳನ್ನು ಬೆಳೆಸಿ ಸುಮಾರು ಅರ್ಧ ಮೈ ಮುಚ್ಚಿದರು. ಮಕ್ಕಳು ಬದುಕಿದರು. ತೆಗೆಯಲು ಬೇರೆ ಚರ್ಮವೇ ಇಲ್ಲದಾಗ ಈ ವಿಧಾನಕ್ಕೆ ಸಾಟಿಯಿಲ್ಲ.

ತೊಡಕು ಎರಡು. ಹಾಳೆ ಬೆಳೆಯಲು ಮೂರರಿಂದ ನಾಲ್ಕು ವಾರ ಬೇಕು. ತೆರೆದ ಗಾಯ ಅಷ್ಟು ದಿನ ಕಾಯುವುದಿಲ್ಲ, ಕೀವಾಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ಒಳಪದರವೇ ಸುಟ್ಟುಹೋದ ಜಾಗಕ್ಕೆ ಬರೀ ಹೊರಪದರ ಅಂಟಿಸುವುದೆಂದರೆ ಗಾರೆ ಉದುರಿದ ಗೋಡೆಗೆ ಸುಣ್ಣ ಬಳಿದ ಹಾಗೆ. ಸ್ವಲ್ಪ ಉಜ್ಜಿದರೂ ಗುಳ್ಳೆಯೆದ್ದು ಕಿತ್ತುಬರುತ್ತದೆ.

ತೊಡೆಯಿಂದ ತೆಗೆಯುವಾಗ ಹೊರಪದರದ ಜೊತೆ ಒಳಪದರದ ಮೇಲುಭಾಗವೂ ಬರುತ್ತದೆ, ಹಾಗಾಗಿ ಅದು ಕಚ್ಚಿಕೊಳ್ಳುತ್ತದೆ. ಅದರಲ್ಲಿ ಸಣ್ಣ ಸೀಳುಗಳನ್ನು ಹಾಕಿ ಹಿಗ್ಗಿಸಿದರೆ ಹೆಚ್ಚು ಜಾಗ ಮುಚ್ಚಬಹುದು. ತೊಡೆಯಲ್ಲಿ ಉಳಿದ ಕೂದಲ ಬುಡಗಳಿಂದ ಹೊಸ ಹೊರಪದರ ಸುಮಾರು ಎರಡು ವಾರದಲ್ಲಿ ಹುಟ್ಟುತ್ತದೆ. ಆ ದಿನಗಳಲ್ಲಿ ಸುಟ್ಟ ಜಾಗಕ್ಕಿಂತ ತೊಡೆಯೇ ಹೆಚ್ಚು ಉರಿಯುವುದುಂಟು. ಚಿಕ್ಕಮ್ಮನಿಗೆ ನೋವಿನ ಔಷಧಿ ಸಾಲುತ್ತಿದೆಯೇ ಎಂದು ದಯವಿಟ್ಟು ವಿಚಾರಿಸುತ್ತಿರಿ.

ಒಳಪದರಕ್ಕೂ ಬದಲಿ ಇದೆ. ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿ ಯಾನಸ್ ಮತ್ತು ಸರ್ಜನ್ ಜಾನ್ ಬರ್ಕ್ ರೂಪಿಸಿದ ‘ಇಂಟೆಗ್ರಾ’ದಲ್ಲಿ ಹಸುವಿನ ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು), ಶಾರ್ಕ್ ಮೀನಿನಿಂದ ತೆಗೆದ ಇನ್ನೊಂದು ವಸ್ತು, ಮೇಲೊಂದು ಸಿಲಿಕೋನ್ ಪೊರೆ ಇವೆ. ಎರಡು ಮೂರು ವಾರಗಳಲ್ಲಿ ರೋಗಿಯ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ. ಆಮೇಲೆ ಪೊರೆ ಸುಲಿದು, ಸ್ವಂತ ಚರ್ಮದ ತೆಳು ಪದರ ಹಾಕುತ್ತಾರೆ. ಅಲ್ಲಿಗೆ ಇದಕ್ಕೂ ಕೊನೆಗೆ ತೊಡೆಯ ಚರ್ಮ ಬೇಕೇ ಬೇಕು! ಬೆವರು, ಕೂದಲೂ ಬರುವುದಿಲ್ಲ.

ಒಳಪದರ ಇದ್ದರೆ ಏನಾಗಬಹುದೆಂಬುದಕ್ಕೆ 2015ರ ಜರ್ಮನಿಯ ಒಂದು ಪ್ರಕರಣ ನೋಡಿ. ಹುಟ್ಟಿನಿಂದಲೇ ಚರ್ಮ ಕಳಚುವ ಕಾಯಿಲೆಯ ಏಳು ವರ್ಷದ ಹುಡುಗನ ಕೋಶಗಳಲ್ಲಿನ ಜೀನ್ ದೋಷ ಸರಿಪಡಿಸಿ, ಹಾಳೆ ಬೆಳೆಸಿ, ಮೈಯ ಶೇ. 80ರಷ್ಟು ಭಾಗಕ್ಕೆ ಹೊದಿಸಿದರು. ಆ ಕಾಯಿಲೆಯಲ್ಲಿ ಕಳಚುವುದು ಮುಖ್ಯವಾಗಿ ಹೊರಪದರ. ಹೊಸದು ಗಟ್ಟಿಯಾಗಿ ನಿಂತಿತು. ಚರ್ಮದ ಸಂಶೋಧನೆಯಲ್ಲಿ ನನಗೆ ಅತ್ಯಂತ ಭರವಸೆ ಕೊಟ್ಟ ಸುದ್ದಿ ಅದು.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಬಳಸುವ ‘ಅಪ್ಲಿಗ್ರಾಫ್’ ಎಂಬ ಲ್ಯಾಬ್ ಚರ್ಮ ಬೇರೆಯವರ ಕೋಶಗಳಿಂದ ಮಾಡಿದ್ದು. ಅದು ಶಾಶ್ವತವಾಗಿ ಉಳಿಯುವುದಿಲ್ಲ, ಗಾಯ ಮಾಯಲು ಉತ್ತೇಜನ ಕೊಟ್ಟು ಕರಗುತ್ತದೆ. ಕಾಲಿಗೆ ರಕ್ತ ಹರಿಯದಿದ್ದರೆ, ಪಾದದ ಮೇಲಿನ ಭಾರ ಇಳಿಸದಿದ್ದರೆ ಎಷ್ಟು ದುಬಾರಿಯದು ಹಾಕಿದರೂ ದಂಡ.

ಮೈ ತುಂಬ ಸುಟ್ಟವರಿಗೆ ಕಾಯುವ ವಾರಗಳಲ್ಲಿ ತಾತ್ಕಾಲಿಕ ಹೊದಿಕೆಯಾಗಿ ಒದಗುವುದು ಮೃತರು ದಾನ ಮಾಡಿದ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ಸ್ಕಿನ್ ಬ್ಯಾಂಕ್ ಇದೆ. ರಕ್ತದ ಗುಂಪು ಹೊಂದಬೇಕಿಲ್ಲ, ಆದರೆ ತೀರಿಕೊಂಡ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು.