ಮದುವೆಯಿಲ್ಲದ ಮನೆಗೊಂದು ಕರಾರು ಪತ್ರ

1911ರಲ್ಲಿ ಇಂಗ್ಲೆಂಡಿನಲ್ಲಿ ಬಾಡಿಗೆ ಬಾಕಿ ವಸೂಲಿಗೆ ಕೋರ್ಟಿಗೆ ಹೋದ ಮನೆ ಮಾಲೀಕರೊಬ್ಬರು ಸೋತರು. ಬಾಡಿಗೆಗಿದ್ದ ಮಹಿಳೆ ಒಬ್ಬ ಗಂಡಸಿನ ಪ್ರೇಯಸಿ, ಬಾಡಿಗೆ ಹಣ ಬರುವುದೂ ಅವನಿಂದಲೇ ಎಂಬುದು ಮಾಲೀಕರ ಏಜೆಂಟನಿಗೆ ಮೊದಲೇ ಗೊತ್ತಿತ್ತು. ಅನೈತಿಕ ಉದ್ದೇಶದ ಕರಾರಿಗೆ ಕಾನೂನು ನೆರವಾಗದು ಎಂದಿತು ನ್ಯಾಯಾಲಯ. ಹೊರಗಿನವರ ಬಾಡಿಗೆಗೇ ಈ ಗತಿಯಾದರೆ, ಮದುವೆಯಾಗದೆ ಜೊತೆಗಿರುವ ಜೋಡಿ ಆಸ್ತಿ, ಖರ್ಚಿನ ಬಗ್ಗೆ ತಮ್ಮೊಳಗೆ ಬರೆದುಕೊಂಡ ಕರಾರು ಪತ್ರವನ್ನು ಕೇಳುವವರು ಯಾರು?

ಈ ನಿಲುವಿಗೆ ದೊಡ್ಡ ಪೆಟ್ಟು ಬಿದ್ದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹಾಲಿವುಡ್ ನಟ ಲೀ ಮಾರ್ವಿನ್ ಜೊತೆ 1964ರಿಂದ 1970ರವರೆಗೆ ಬಾಳಿದ ಮಿಷೆಲ್ ಟ್ರಿಯೋಲಾ ಗಳಿಕೆಯಲ್ಲಿ ಪಾಲು ಕೇಳಿದ್ದರು. ತಾನು ಹಾಡುವ ವೃತ್ತಿ ಬಿಟ್ಟು ಮನೆ ನೋಡಿಕೊಳ್ಳುವುದು, ಆಸ್ತಿ ಇಬ್ಬರಿಗೂ ಸೇರುವುದು ಎಂದು ಮಾತಾಗಿತ್ತು ಎಂಬುದು ಅವರ ವಾದ. ಮದುವೆಯಾಗದೆ ಜೊತೆಗಿದ್ದರು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗದು, ಲೈಂಗಿಕ ಸಂಬಂಧಕ್ಕೇ ಪ್ರತಿಫಲವಾಗಿರುವ ಭಾಗ ಮಾತ್ರ ಅಸಿಂಧು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್. ಬಾಯಿಮಾತಿನ ಒಪ್ಪಂದಕ್ಕೂ, ನಡವಳಿಕೆಯಿಂದ ಊಹಿಸಬಹುದಾದ ಒಪ್ಪಂದಕ್ಕೂ ಬಾಗಿಲು ತೆರೆಯಿತು.

ಆದರೆ 1979ರ ವಿಚಾರಣೆಯಲ್ಲಿ ಅಂಥ ಒಪ್ಪಂದ ಇತ್ತೆಂದು ಸಾಬೀತಾಗಲಿಲ್ಲ. ಬದುಕು ಕಟ್ಟಿಕೊಳ್ಳಲೆಂದು ನ್ಯಾಯಾಧೀಶರು ಕೊಡಿಸಿದ 1,04,000 ಡಾಲರನ್ನೂ 1981ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಗೆದ್ದದ್ದು ತತ್ವ, ಸೋತದ್ದು ಹೆಂಗಸು. 'ಏನೇ ಇರಲಿ, ಬರೆದಿಡಿ' ಎಂದು ವಕೀಲರು ಪಟ್ಟು ಹಿಡಿಯುವುದು ಸುಮ್ಮನೆ ಅಲ್ಲ.

ಅಮೆರಿಕದ ಉಳಿದ ರಾಜ್ಯಗಳು ಒಂದೊಂದು ದಿಕ್ಕು ಹಿಡಿದವು. 1980ರಲ್ಲಿ ನ್ಯೂಯಾರ್ಕ್ ಕೋರ್ಟ್ ಸ್ಪಷ್ಟ ಒಪ್ಪಂದವಾದರೆ ಸರಿ, ಊಹೆಯದ್ದು ಬೇಡ ಎಂದಿತು. ಇಲಿನಾಯ್ ಮಾತ್ರ 1979ರಲ್ಲಿ ಇಂಥ ಆಸ್ತಿ ಹಕ್ಕನ್ನೇ ಒಪ್ಪಲಿಲ್ಲ, 2016ರಲ್ಲೂ ಅದಕ್ಕೇ ಅಂಟಿಕೊಂಡಿತು. ಇಂಗ್ಲೆಂಡಿನ ಹೈಕೋರ್ಟ್ 2003ರಲ್ಲಿ ಗೆರೆ ಎಳೆಯಿತು: ಜೊತೆಗಿರುವವರ ಆಸ್ತಿ ಕರಾರು ಸಿಂಧು, ಲೈಂಗಿಕ ಸಂಬಂಧಕ್ಕಾಗಿ ಮಾಡಿಕೊಂಡ ಕರಾರು ಅಲ್ಲ.

ನನಗೆ ಹೆಚ್ಚು ಹಿಡಿಸುವುದು ಸ್ವೀಡನ್ನಿನ ದಾರಿ. ಅಲ್ಲಿನ 1987ರ ಕಾಯ್ದೆ ಲೆಕ್ಕವನ್ನೇ ತಿರುವುಮುರುವು ಮಾಡಿತು. ಇಬ್ಬರೂ ಬಳಸಲೆಂದು ಕೊಂಡ ಮನೆ, ಗೃಹೋಪಯೋಗಿ ಸಾಮಾನುಗಳಲ್ಲಿ ಬೇರೆಯಾಗುವಾಗ ಸಮಪಾಲು ಕೇಳಬಹುದು. ಅದು ಬೇಡವೆನ್ನುವವರು ಕರಾರು ಬರೆಯಬೇಕು. ಉಳಿದೆಡೆ ಕಾಗದದ ಮಾತು ಎತ್ತಬೇಕಾದವರು ಆಸ್ತಿ ಇಲ್ಲದವರು. ಪ್ರೀತಿ ಗಾಢವಾಗಿರುವಾಗ ಆ ಮಾತು ಎತ್ತುವುದು ಅವರಿಗೇ ಹೆಚ್ಚು ಕಷ್ಟ.

ಇಂದಿನ ಕರಾರುಗಳಲ್ಲಿ ಬಾಡಿಗೆ, ಸಾಲದ ಕಂತು, ಜಂಟಿ ಖಾತೆ, ಸಾಕುನಾಯಿ ಯಾರ ಜೊತೆ ಹೋಗಬೇಕು ಎಂಬುದೂ ಇರುತ್ತದೆ. ಮಕ್ಕಳ ಜೀವನಾಂಶದ ಹಕ್ಕನ್ನು ಮಾತ್ರ ಸಾಮಾನ್ಯವಾಗಿ ತಂದೆತಾಯಿ ಸಹಿ ಹಾಕಿ ಬಿಟ್ಟುಕೊಡುವಂತಿಲ್ಲ. ಸತ್ತ ಮೇಲಿನ ಆಸ್ತಿಗೆ ಈ ಪತ್ರವನ್ನಷ್ಟೇ ನೆಚ್ಚಿಕೊಳ್ಳದೆ ಇಬ್ಬರೂ ಬೇರೆಯಾಗಿ ಉಯಿಲು ಬರೆದಿಡುವುದು ಒಳ್ಳೆಯದು.