ನಾಕ್ಸ್‌ವಿಲ್ಲಿನ ಬಂಡೆ ಮತ್ತು ಬಾರದೇ ಹೋದ ಕೋಚ್

ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ನಾಕ್ಸ್‌ವಿಲ್ ಕ್ಯಾಂಪಸ್ಸಿನಲ್ಲೊಂದು ದೊಡ್ಡ ಬಂಡೆಯಿದೆ. ಅದರ ಹೆಸರೂ ‘ದಿ ರಾಕ್’, ಅಂದರೆ ಬಂಡೆ. ಹುಟ್ಟುಹಬ್ಬದ ಶುಭಾಶಯವೋ ಸಂಘದ ಸಭೆಯ ಸೂಚನೆಯೋ, ವಿದ್ಯಾರ್ಥಿಗಳು ಅದರ ಮೇಲೆ ಏನು ಬೇಕಾದರೂ ಬಣ್ಣದಲ್ಲಿ ಬರೆಯುತ್ತಾರೆ. ಮರುದಿನ ಬೇರೆಯವರು ಬಂದು ಅದನ್ನು ಬಳಿದು ತಮ್ಮದನ್ನು ಬರೆಯುತ್ತಾರೆ. 2017ರ ನವೆಂಬರ್ 26ರ ಭಾನುವಾರ ಅಲ್ಲಿ ಬಿದ್ದ ಬರಹ ಗ್ರೆಗ್ ಶಿಯಾನೊ ಎಂಬ ಫುಟ್‌ಬಾಲ್ ಕೋಚ್ ವಿರುದ್ಧ. ಆತ ಆ ಹುದ್ದೆಗೆ ಇನ್ನೂ ಬಂದಿರಲಿಲ್ಲ, ಬರಲಿದ್ದಾನೆ ಎಂಬ ಸುದ್ದಿ ಅದೇ ದಿನ ಹೊರಬಿದ್ದಿತ್ತು. ಸಂಜೆಯಾಗುವಷ್ಟರಲ್ಲಿ ನೇಮಕವೇ ಮುರಿದುಬಿತ್ತು.

ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಕೋಚ್ ಆಯ್ಕೆಯಲ್ಲಿ ತಮ್ಮ ಮಾತೂ ನಡೆಯುತ್ತದೆ ಎಂದು ವಾದಿಸುವಾಗ ಇವತ್ತಿಗೂ ಕೊಡುವ ಉದಾಹರಣೆ ಇದು. ಉದಾಹರಣೆ ಸರಿಯೇ, ಆದರೆ ಅರ್ಧ ಮಾತ್ರ. ‘ಇವನು ಬೇಡ’ ಎನ್ನುವ ಬಲ ಜನರಿಗಿದೆ ಎಂಬುದು ಅಂದು ಸಾಬೀತಾಯಿತು. ‘ಇವನೇ ಬೇಕು’ ಎಂದು ತರುವ ಬಲ ಅವರಿಗೆ ಯಾವತ್ತೂ ಇರಲಿಲ್ಲ. ಆ ಜಾಗದಲ್ಲಿ ಕೆಲಸ ಮಾಡುವುದು ಕ್ಯಾಲೆಂಡರ್, ಕರಾರಿನ ಮೊತ್ತ ಮತ್ತು ಯಾರ ಸಹಿ ಎಲ್ಲಿ ಬೀಳಬೇಕು ಎಂಬ ಲೆಕ್ಕ.

ಇದು ನಾವು ಟೀವಿಯಲ್ಲಿ ನೋಡುವ ಕಾಲ್ಚೆಂಡಾಟವಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಆಡುವವರು ವಿದ್ಯಾರ್ಥಿಗಳಾದರೂ ವ್ಯವಹಾರವೆಲ್ಲ ಕೋಟಿಗಳಲ್ಲಿ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಎಣಿಸುವವರು ರಾಜ್ಯಪಾಲರೂ ಅಲ್ಲ, ವಿಶ್ವವಿದ್ಯಾಲಯದ ಮುಖ್ಯಸ್ಥರೂ ಅಲ್ಲ, ಫುಟ್‌ಬಾಲಿನ ಹೆಡ್ ಕೋಚ್. ಟೆನೆಸಿಯ ನೇಲ್ಯಾಂಡ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಪಕ್ಕದಲ್ಲೇ ಟೆನೆಸಿ ನದಿ. ಪಂದ್ಯದ ದಿನ ದೋಣಿಗಳಲ್ಲಿ ಬಂದು ಲಂಗರು ಹಾಕುವ ಅಭಿಮಾನಿಗಳ ಗುಂಪಿಗೆ ‘ವಾಲ್ ನೇವಿ’ ಎಂದೇ ಹೆಸರು. ಕ್ರೀಡಾಂಗಣ ರಾಬರ್ಟ್ ನೇಲ್ಯಾಂಡ್ ಎಂಬ ಹಳೆಯ ಕೋಚ್ ಹೆಸರಿನಲ್ಲಿದೆ. ಅವರ ಲೆಕ್ಕ 173 ಗೆಲುವು, 31 ಸೋಲು, 12 ಡ್ರಾ. ಮುಂದೆ ಬಂದವರನ್ನೆಲ್ಲ ಊರು ಅಳೆದದ್ದು ಈ ಗಜಕಡ್ಡಿಯಿಂದ.

2017ರ ಸಿಟ್ಟಿನ ಬೇರು 2008ರಲ್ಲಿದೆ. ಫಿಲಿಪ್ ಫುಲ್ಮರ್ 1992ರಿಂದ ಕೋಚ್ ಆಗಿದ್ದವರು, ಇದೇ ತಂಡದಲ್ಲಿ ಆಡಿ ಬೆಳೆದವರು, 1998ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ತಂದವರು. 152 ಗೆದ್ದು 52 ಸೋತಿದ್ದ ಈ ಮನುಷ್ಯನನ್ನು 2008ರ ನವೆಂಬರಿನಲ್ಲಿ ಮನೆಗೆ ಕಳಿಸಲಾಯಿತು. ಆ ಸಾಲಿನಲ್ಲಿ ತಂಡ ಐದು ಗೆದ್ದು ಏಳು ಸೋತಿತ್ತು. ಅವರ ಜಾಗಕ್ಕೆ ಬಂದ ಲೇನ್ ಕಿಫಿನ್ ಒಂದೇ ಸೀಸನ್ ಮುಗಿಸಿ, 2010ರ ಜನವರಿ 12ರ ರಾತ್ರಿ ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ ಹೊರಟುಬಿಟ್ಟರು. ಹೊಸ ಆಟಗಾರರು ಸಹಿ ಹಾಕುವ ದಿನಕ್ಕೆ ಮೂರು ವಾರ ಉಳಿದಿತ್ತು. ಸಿಟ್ಟಿಗೆದ್ದವರು ಕ್ಯಾಂಪಸ್ಸಿನಲ್ಲಿ ಹಾಸಿಗೆಗಳಿಗೆ ಬೆಂಕಿ ಇಟ್ಟರು. ಮೂರೇ ದಿನದಲ್ಲಿ ಲೂಸಿಯಾನಾ ಟೆಕ್‌ನಿಂದ ಡೆರೆಕ್ ಡೂಲಿಯನ್ನು ತಂದರು. ಅವಸರದ ಅಡುಗೆ ಹೇಗಿರುತ್ತದೋ ಹಾಗೇ ಆಯಿತು: ಮೂರು ವರ್ಷದಲ್ಲಿ 15 ಗೆಲುವು, 21 ಸೋಲು, ತಮ್ಮದೇ ಎಸ್‌ಇಸಿ ಕೂಟದೊಳಗೆ ಗೆದ್ದದ್ದು ಬರೀ ನಾಲ್ಕು.

2012ರಲ್ಲಿ ಕುರ್ಚಿ ಮತ್ತೆ ಖಾಲಿಯಾದಾಗ ಊರಿನ ಬಾಯಲ್ಲಿದ್ದ ಹೆಸರು ಒಂದೇ, ಜಾನ್ ಗ್ರೂಡನ್. ಟ್ಯಾಂಪಾ ಬೇ ತಂಡಕ್ಕೆ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟು, ಆಗ ಟೀವಿಯಲ್ಲಿ ವೀಕ್ಷಕ ವಿವರಣೆ ಮಾಡುತ್ತಿದ್ದವರು. ಹರೆಯದಲ್ಲಿ ಟೆನೆಸಿಯಲ್ಲೇ ಸಹಾಯಕರಾಗಿದ್ದವರು, ಹೆಂಡತಿಯೂ ಅದೇ ವಿಶ್ವವಿದ್ಯಾಲಯದಲ್ಲಿ ಚಿಯರ್‌ಲೀಡರ್ ಆಗಿದ್ದವರು. ಅಭಿಮಾನಿಗಳಿಗೆ ಇಷ್ಟು ನಂಟು ಸಾಕಾಯಿತು. ಗ್ರೂಡನ್ ಕುರಿತ ಗಾಳಿಸುದ್ದಿಗೆ ‘ಗ್ರೂಮರ್’ ಎಂಬ ಹೊಸ ಪದವೇ ಹುಟ್ಟಿತು. ಅವರು ಬರಲಿಲ್ಲ. ಲೂಯಿವಿಲ್‌ನ ಚಾರ್ಲಿ ಸ್ಟ್ರಾಂಗ್ ಒಲ್ಲೆ ಎಂದ ಮೇಲೆ ಸಿನ್ಸಿನಾಟಿಯ ಬುಚ್ ಜೋನ್ಸ್ ಬಂದರು. ಹೀಗಾಗಿ ಜೋನ್ಸ್ ಮೊದಲ ದಿನದಿಂದಲೇ ‘ಗ್ರೂಡನ್ ಅಲ್ಲದವರು’.

ಜೋನ್ಸ್ ತೀರಾ ಸೋತವರೇನಲ್ಲ. 2015, 2016 ಎರಡರಲ್ಲೂ ಒಂಬತ್ತೊಂಬತ್ತು ಗೆಲುವು. ಜನರಿಗೆ ಸಹಿಸಲಾಗದ್ದು ಅವರ ಘೋಷಣೆಗಳು. 2017ರಲ್ಲಿ ಮೈದಾನದ ಅಂಚಿನಲ್ಲಿ ಒಂದು ಕಸದ ಡಬ್ಬಿ ಇಡಿಸಿದರು. ಎದುರಾಳಿಯಿಂದ ಚೆಂಡು ಕಸಿದುಕೊಂಡ ಆಟಗಾರ ಓಡಿಬಂದು ಅದನ್ನು ಡಬ್ಬಿಗೆ ಎಸೆದು ಕುಣಿಯಬೇಕು. ಗೆಲ್ಲುವ ತಂಡಕ್ಕೆ ಇಂಥದ್ದು ಶೋಭಿಸೀತು. ಸೋಲುವ ತಂಡದ ಪಕ್ಕ ಕಸದ ಡಬ್ಬಿ ಇಟ್ಟರೆ ವ್ಯಂಗ್ಯಚಿತ್ರಕಾರನಿಗೆ ಕೆಲಸವೇ ಉಳಿಯುವುದಿಲ್ಲ. ನವೆಂಬರ್ 11ರಂದು ಮಿಸೌರಿ ವಿರುದ್ಧ 50–17ರ ಸೋಲು, ಮರುದಿನವೇ ವಜಾ. ಆ ಸೀಸನ್ ನಾಲ್ಕು ಗೆಲುವು, ಎಂಟು ಸೋಲಿಗೆ ಮುಗಿಯಿತು. ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಎಂಟು ಸೋಲು ಅದೇ ಮೊದಲು.

ಇಲ್ಲಿ ಬೈಔಟ್ ಎಂಬುದನ್ನು ಬಿಡಿಸಿ ನೋಡಬೇಕು, ಅಭಿಮಾನಿಗಳ ಹರಟೆಯಲ್ಲಿ ಸದಾ ಹಾರಿಹೋಗುವ ಅಂಕಿ ಇದೇ. ಕರಾರು ಮುಗಿಯುವ ಮೊದಲೇ ಕೋಚನ್ನು ತೆಗೆದರೆ ಉಳಿದ ವರ್ಷಗಳಿಗೆ ಇಂತಿಷ್ಟು ಎಂದು ಮೊದಲೇ ಬರೆದುಕೊಂಡಿರುತ್ತಾರೆ. ಜೋನ್ಸ್ ಪಾಲಿಗೆ ಅದು ಸುಮಾರು 82.5 ಲಕ್ಷ ಡಾಲರ್, ಕಂತುಗಳಲ್ಲಿ. ಅದರ ಜೊತೆ ಸಾಮಾನ್ಯವಾಗಿ ಇನ್ನೊಂದು ಷರತ್ತು: ಕೋಚ್ ಬೇರೆ ಕೆಲಸ ಹಿಡಿದರೆ ಅಲ್ಲಿನ ಸಂಬಳವನ್ನು ಈ ಮೊತ್ತದಿಂದ ಕಳೆಯುತ್ತಾರೆ. ಅಂದ ಮೇಲೆ ಹೊಸ ಕೆಲಸದಲ್ಲಿ ಹೆಚ್ಚು ಸಂಬಳ ಕೇಳಿ ಕೋಚಿಗೆ ಲಾಭವೇನು? ಜೋನ್ಸ್ 2018ರಲ್ಲಿ ಅಲಬಾಮಾದಲ್ಲಿ ವಿಶ್ಲೇಷಕರಾಗಿ ಸೇರಿದಾಗ ವರದಿಯಾದ ವಾರ್ಷಿಕ ಸಂಬಳ 35,000 ಡಾಲರ್. ಟೆನೆಸಿಯ ದುಡ್ಡು ಬರುತ್ತಲೇ ಇತ್ತು, ದುಡಿಮೆ ಟೆನೆಸಿಯ ಬದ್ಧವೈರಿಗೆ.

ಇನ್ನು ಕ್ಯಾಲೆಂಡರ್. ಅಲ್ಲಿಯವರೆಗೆ ಪ್ರೌಢಶಾಲೆಯ ಆಟಗಾರರು ಕಾಲೇಜಿಗೆ ಸಹಿ ಹಾಕುತ್ತಿದ್ದದ್ದು ಫೆಬ್ರವರಿಯ ಮೊದಲ ಬುಧವಾರದಿಂದ. 2017ರಲ್ಲಿ ಮೊದಲ ಬಾರಿಗೆ ಡಿಸೆಂಬರ್ 20ರಿಂದ 22ರವರೆಗೆ ಮೂರು ದಿನದ ಮುಂಗಡ ಅವಧಿ ಬಂತು. ಹೆಚ್ಚಿನವರು ಅದರಲ್ಲೇ ಸಹಿ ಹಾಕುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಕೋಚ್ ಇಲ್ಲದ ತಂಡಕ್ಕೆ ಹುಡುಗ ಯಾಕೆ ಸಹಿ ಹಾಕಿಯಾನು? ಜೋನ್ಸ್ ಹೋದ ದಿನದಿಂದ ಎಣಿಸಿದರೆ ಉಳಿದದ್ದು 38 ದಿನ. ಅಷ್ಟರೊಳಗೆ ಹೆಡ್ ಕೋಚ್ ಬರಬೇಕು, ಅವನು ಹತ್ತು ಸಹಾಯಕರನ್ನು ಹುಡುಕಬೇಕು, ಅವರು ಹುಡುಗರ ಮನೆಮನೆಗೆ ಹೋಗಿ ಅಪ್ಪ ಅಮ್ಮನ ಎದುರು ಕೂರಬೇಕು. ಆಯ್ಕೆಯ ಹೊಣೆ ಹೊತ್ತಿದ್ದ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ, ಜಾನ್ ಕರ್ರಿ ಆ ಹುದ್ದೆಗೆ ಬಂದು ಎಂಟು ತಿಂಗಳೂ ಆಗಿರಲಿಲ್ಲ.

ಜನ ಮತ್ತೆ ಗ್ರೂಡನ್ ಜಪ ಶುರುಮಾಡಿದ್ದರು. ನದಿ ದಂಡೆಯ ರೆಸ್ಟೊರೆಂಟಿನಲ್ಲಿ ಅವರು ಊಟ ಮಾಡುತ್ತಿದ್ದಾರೆ ಎಂಬ ಗಾಳಿಸುದ್ದಿ. ಖಾಸಗಿ ವಿಮಾನಗಳ ಹಾರಾಟ ತೋರಿಸುವ ಆ್ಯಪ್ ತೆರೆದು, ನಾಕ್ಸ್‌ವಿಲ್‌ನಿಂದ ಎದ್ದ ಪ್ರತಿ ಜೆಟ್ಟಿಗೂ ಒಬ್ಬೊಬ್ಬ ಕೋಚನ್ನು ಹೊಂದಿಸುವ ಪಂಚಾಂಗ ಶ್ರವಣ. ಇಂಥ ಕಾಯುವಿಕೆಯ ನಡುವೆ ಬಂದ ಹೆಸರು ಶಿಯಾನೊ. ಆಗ ಅವರು ಒಹಾಯೊ ಸ್ಟೇಟ್ ತಂಡದ ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದರು. ರಟ್ಗರ್ಸ್‌ನಲ್ಲಿ ಹೆಡ್ ಕೋಚ್ ಆಗಿ 68 ಗೆಲುವು, 67 ಸೋಲು. ವೃತ್ತಿಪರ ಲೀಗ್‌ನ ಟ್ಯಾಂಪಾ ಬೇಯಲ್ಲಿ ಎರಡು ವರ್ಷಕ್ಕೆ 11 ಗೆಲುವು, 21 ಸೋಲು.

ಬಂಡೆಯ ಮೇಲಿನ ಬರಹ ಈ ಅಂಕಿಗಳದ್ದಲ್ಲ. ಶಿಯಾನೊ 1990ರ ದಶಕದ ಮೊದಲರ್ಧದಲ್ಲಿ ಪೆನ್ ಸ್ಟೇಟ್‌ನಲ್ಲಿ ಸಹಾಯಕರಾಗಿದ್ದರು. ಅಲ್ಲೇ ಸಹಾಯಕ ಕೋಚ್ ಆಗಿದ್ದ ಜೆರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2012ರಲ್ಲಿ ಅಪರಾಧಿ ಎಂದು ತೀರ್ಪಾಯಿತು. ಆ ದೌರ್ಜನ್ಯದ ಬಗ್ಗೆ ಶಿಯಾನೊಗೆ ಏನೋ ಗೊತ್ತಿತ್ತು ಎಂದು ಇನ್ನೊಬ್ಬ ಸಹಾಯಕ ತನಗೆ ಹೇಳಿದ್ದಾಗಿ ಸಾಕ್ಷಿಯೊಬ್ಬರು ಕೊಟ್ಟ ಹೇಳಿಕೆ 2016ರಲ್ಲಿ ಬಹಿರಂಗವಾಯಿತು. ಹಾಗೆ ಹೇಳಿದ್ದನ್ನು ಆ ಸಹಾಯಕರೂ ಅಲ್ಲಗಳೆದರು, ಶಿಯಾನೊ ಕೂಡ ಸ್ಪಷ್ಟವಾಗಿ ಅಲ್ಲಗಳೆದರು, ಅವರ ಮೇಲೆ ಮೊಕದ್ದಮೆಯಂತೂ ಇಲ್ಲ. ಅಂದರೆ ಕೈಯಲ್ಲಿದ್ದದ್ದು ಬಾಯಿಂದ ಬಾಯಿಗೆ ದಾಟಿದ ಮಾತು. ಬಂಡೆ ಅದನ್ನು ತೀರ್ಪಿನ ಹಾಗೆ ಬರೆಯಿತು. ಇದು ಅನ್ಯಾಯ ಎಂದೇ ಹೇಳಬೇಕು. ಅಂಕಿಗಳು ಚೆನ್ನಾಗಿದ್ದಿದ್ದರೆ ಆ ಹೇಳಿಕೆಯನ್ನು ಅಷ್ಟೇ ಜನ ಕೆದಕುತ್ತಿದ್ದರೇ? ನನಗೆ ನಂಬಿಕೆಯಿಲ್ಲ. ನೈತಿಕ ಆಕ್ರೋಶ ಪ್ರಾಮಾಣಿಕವಾಗಿದ್ದವರೂ ಇದ್ದರು, ಗ್ರೂಡನ್ ಸಿಗದ ಹೊಟ್ಟೆಯುರಿಗೆ ಅದನ್ನು ಹೊದಿಕೆ ಮಾಡಿಕೊಂಡವರೂ ಇದ್ದರು.

ರಾಜ್ಯದ ಶಾಸಕರು ಟ್ವೀಟ್ ಮಾಡಿದರು, ಜನ ಕ್ರೀಡಾಂಗಣದ ಹೊರಗೆ ಸೇರಿದರು, ದೇಣಿಗೆದಾರರ ಫೋನುಗಳು ಮೊಳಗಿದವು. ನೇಮಕ ಮುರಿದದ್ದು ಮಾತ್ರ ಕಾಗದದ ಮೇಲೆ. ಕೋಚ್ ನೇಮಕದಲ್ಲಿ ಪೂರ್ಣ ಕರಾರು ಸಿದ್ಧವಾಗಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೆ ಮೊದಲು ಕೆಲವೇ ಪುಟಗಳ ಎಂಒಯು, ಅಂದರೆ ಪ್ರಾಥಮಿಕ ಒಪ್ಪಂದಪತ್ರ ಮಾಡಿಕೊಳ್ಳುತ್ತಾರೆ: ಎಷ್ಟು ವರ್ಷ, ಸಂಬಳ ಎಷ್ಟು, ಸಹಾಯಕರ ಸಂಬಳಕ್ಕೆ ಒಟ್ಟು ಎಷ್ಟು, ಎರಡೂ ಕಡೆಯ ಬೈಔಟ್ ಎಷ್ಟು. ಶಿಯಾನೊ ಅವರ ಎಂಒಯುಗೆ ಅವರದ್ದೂ ಕರ್ರಿಯದ್ದೂ ಸಹಿ ಬಿದ್ದಿತ್ತು, ಕ್ಯಾಂಪಸ್ಸಿನ ಮುಖ್ಯಸ್ಥೆ, ಚಾನ್ಸಲರ್ ಬೆವರ್ಲಿ ಡ್ಯಾವೆನ್‌ಪೋರ್ಟ್ ಅವರದ್ದು ಬಿದ್ದಿರಲಿಲ್ಲ. ಆ ಒಂದು ಖಾಲಿ ಗೆರೆಯ ಸಂದಿನಿಂದ ವಿಶ್ವವಿದ್ಯಾಲಯ ಹೊರಬಂತು.

ಮುಂದಿನ ಐದು ದಿನ ಹರಾಜಿನಂತೆ ನಡೆಯಿತು, ಗಿರಾಕಿ ಮಾತ್ರ ಸೋಲುತ್ತಲೇ ಹೋದ. ಒಕ್ಲಹೋಮ ಸ್ಟೇಟ್‌ನ ಮೈಕ್ ಗಂಡಿ ಒಲ್ಲೆ ಎಂದರು. ಪರ್ಡ್ಯೂನ ಜೆಫ್ ಬ್ರೋಮ್ ಹೆಸರು ತೇಲಿ ಮುಳುಗಿತು. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಡೇವ್ ಡೋರನ್ ತಮ್ಮ ವಿಶ್ವವಿದ್ಯಾಲಯದಲ್ಲೇ ಹೊಸ ಐದು ವರ್ಷದ ಕರಾರು ಮಾಡಿಕೊಂಡು ಕೂತರು. ಹೊರಗಿನ ಆಹ್ವಾನ ತೋರಿಸಿ ಒಳಗೆ ಸಂಬಳ ಏರಿಸಿಕೊಳ್ಳುವುದು ಏಜೆಂಟರ ಹಳೆಯ ಪಟ್ಟು. ಅಭಿಮಾನಿಗಳು ಪಟ್ಟಿ ಮಾಡುವ ಹೆಸರುಗಳಲ್ಲಿ ಬಹುಪಾಲು ಇಂಥದ್ದಕ್ಕೇ ಬಳಕೆಯಾಗುವುದು. ನವೆಂಬರ್ 30ರಂದು ಕರ್ರಿ ಲಾಸ್ ಏಂಜಲೀಸ್‌ನಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಮೈಕ್ ಲೀಚ್ ಅವರನ್ನು ಕಂಡರು. ಅಪರೂಪಕ್ಕೆ ಅಭಿಮಾನಿಗಳೂ ಖುಷಿಪಟ್ಟ ಹೆಸರದು. ಮರುದಿನ ಕರ್ರಿಯನ್ನೇ ಅಮಾನತು ಮಾಡಿದರು. ಆ ಕುರ್ಚಿಗೆ ಬಂದವರು ಒಂಬತ್ತು ವರ್ಷದ ಹಿಂದೆ ಮನೆಗೆ ಕಳಿಸಲ್ಪಟ್ಟಿದ್ದ ಫುಲ್ಮರ್. ಕರ್ರಿ 2018ರ ಮಾರ್ಚಿನಲ್ಲಿ 25 ಲಕ್ಷ ಡಾಲರಿಗೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋದರು.

ಡಿಸೆಂಬರ್ 7ರಂದು ಫುಲ್ಮರ್ ಆರಿಸಿದ್ದು ಅಲಬಾಮಾದ ರಕ್ಷಣಾ ಕೋಚ್ ಜೆರೆಮಿ ಪ್ರೂಯಿಟ್ ಅವರನ್ನು. ಆರು ವರ್ಷ, ವರ್ಷಕ್ಕೆ 38 ಲಕ್ಷ ಡಾಲರ್. ಹೆಡ್ ಕೋಚ್ ಅನುಭವ ಶೂನ್ಯ. ಜೊತೆಗೆ ಜನವರಿ 8ರ ಫೈನಲ್‌ವರೆಗೆ ಅಲಬಾಮಾದ ಕೆಲಸವನ್ನೂ ಮಾಡುತ್ತಿದ್ದರು. ಆದರೂ ಊರು ಸ್ವಾಗತಿಸಿತು, ನಮ್ಮವರು ಆರಿಸಿದರಲ್ಲ ಎಂದು. 2019ರ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಸ್ಟೇಟ್ ಎಂಬ ಪುಟ್ಟ ತಂಡಕ್ಕೆ 38–30ರಿಂದ ಸೋತರು. ಬಂದು ಸೋತು ಹೋಗಲಿ ಎಂದು ಆ ತಂಡಕ್ಕೆ ಟೆನೆಸಿಯೇ 9.5 ಲಕ್ಷ ಡಾಲರ್ ಕೊಟ್ಟಿತ್ತು. ಮೂರು ಸೀಸನ್ನಿಗೆ 16 ಗೆಲುವು, 19 ಸೋಲು. 2021ರ ಜನವರಿ 18ರಂದು ವಜಾ. ಈ ಸಲ ಬೈಔಟ್ ಕೊಡಲಿಲ್ಲ: ಹುಡುಗರಿಗೂ ಅವರ ಮನೆಯವರಿಗೂ ಅಕ್ರಮವಾಗಿ ದುಡ್ಡು ಹೋಗಿತ್ತು, ಕರಾರಿನ ‘ಸಕಾರಣ ವಜಾ’ ಷರತ್ತು ಅನ್ವಯವಾಯಿತು. ವಿಶ್ವವಿದ್ಯಾಲಯಕ್ಕೆ ಉಳಿತಾಯವಾದದ್ದು 1.26 ಕೋಟಿ ಡಾಲರ್. 2023ರಲ್ಲಿ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ ವಿಧಿಸಿದ ದಂಡವೇ 80 ಲಕ್ಷ ಡಾಲರ್ ದಾಟಿತು, ಗೆಲುವುಗಳಲ್ಲಿ 11 ದಾಖಲೆಯಿಂದ ಅಳಿದವು.

ಪ್ರೂಯಿಟ್ ವಜಾ ಆದ ದಿನವೇ ಫುಲ್ಮರ್ ನಿವೃತ್ತಿ ಘೋಷಿಸಿದರು. ಅದೇ ವಾರ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯ, ಅಂದರೆ ಯುಸಿಎಫ್‌ನಿಂದ ಡ್ಯಾನಿ ವೈಟ್ ಅಥ್ಲೆಟಿಕ್ ಡೈರೆಕ್ಟರ್ ಆಗಿ ಬಂದರು, ಜನವರಿ 27ರಂದು ಯುಸಿಎಫ್‌ನ ಕೋಚ್ ಜಾಶ್ ಹೈಪಲ್ ಅವರನ್ನೇ ತಂದರು. ವಜಾದಿಂದ ನೇಮಕಕ್ಕೆ ಒಂಬತ್ತು ದಿನ. ಅಭಿಮಾನಿಗಳ ಪಟ್ಟಿಗಳಲ್ಲಿ ಹೈಪಲ್ ಮೇಲುಸಾಲಿನಲ್ಲಿರಲಿಲ್ಲ; ‘ಗೊತ್ತಿದ್ದವನನ್ನು ತಂದ’ ಎಂಬ ಗೊಣಗಾಟವೇ ಹೆಚ್ಚು. ಆದರೆ ಡಿಸೆಂಬರಿನ ಸಹಿಗಳು ಆಗಲೇ ಮುಗಿದಿದ್ದವು, ಬೇರೆ ವಿಶ್ವವಿದ್ಯಾಲಯಗಳ ಪೈಪೋಟಿ ತಣ್ಣಗಾಗಿತ್ತು, ಆರಿಸಿದವರಿಗೆ ತಾವು ಆರಿಸುತ್ತಿರುವವರ ಕೆಲಸ ಕಣ್ಣಾರೆ ಕಂಡ ಪರಿಚಯವಿತ್ತು. 2022ರ ಅಕ್ಟೋಬರ್ 15ರಂದು ಇದೇ ತಂಡ ಅಲಬಾಮಾವನ್ನು 52–49ರಿಂದ ಸೋಲಿಸಿತು. 2006ರ ನಂತರ ಮೊದಲ ಸಲ. ಜನ ಗೋಲ್‌ಪೋಸ್ಟ್ ಕಿತ್ತುಕೊಂಡು ಹೋಗಿ ನದಿಗೆಸೆದರು. 2024ರಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗಾಗಿ 12 ತಂಡಗಳು ಆಡಿದ ಮೊದಲ ಪ್ಲೇಆಫ್‌ಗೂ ಹೋದರು. ಶಿಯಾನೊ 2019ರ ಕೊನೆಗೆ ತಮ್ಮ ಹಳೆಯ ರಟ್ಗರ್ಸ್‌ಗೆ ಮರಳಿದ್ದರು.

ಈಚೆಗೆ ಮೊತ್ತಗಳು ಇನ್ನೂ ಬೆಳೆದಿವೆ. 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆಯಲು ಒಪ್ಪಿಕೊಂಡ ಹೊರೆ ಸುಮಾರು 7.6 ಕೋಟಿ ಡಾಲರ್. ಕ್ಯಾಲೆಂಡರ್ ಮಾತ್ರ ಸಡಿಲವಾಗಿಲ್ಲ. 2025ರಲ್ಲಿ ಸಹಿಯ ಅವಧಿ ಶುರುವಾದದ್ದು ಡಿಸೆಂಬರ್ 3ಕ್ಕೆ. ಅದಕ್ಕೆ ಮೂರು ದಿನ ಮೊದಲು, 11 ಗೆದ್ದು ಒಂದೇ ಸೋತಿದ್ದ ತಂಡವನ್ನು ಪ್ಲೇಆಫ್ ಹೊಸ್ತಿಲಲ್ಲಿ ಬಿಟ್ಟು, ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಬಿಟ್ಟು ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೊರಟವರು ಅದೇ ಲೇನ್ ಕಿಫಿನ್. ಓಲ್ ಮಿಸ್ ಇರುವ ಊರು ಆಕ್ಸ್‌ಫರ್ಡ್‌ನ ವಿಮಾನ ನಿಲ್ದಾಣದ ಬೇಲಿಯ ಬಳಿ ಜನ ನಿಂತು ಶಪಿಸುತ್ತಿದ್ದರು.