ಹಲ್ಲು ನೋಡಿ ಜಾತಿ ಹೇಳ್ತಿದ್ರು: ಕಡಲ ಬಸವನಹುಳದ ಕಥೆ

ಸಮುದ್ರದ ಬಸವನಹುಳಕ್ಕೆ ಹಲ್ಲಿದೆ ಅಂದ್ರೆ ಎಷ್ಟೋ ಜನ ನಂಬಲ್ಲ. ಇದೆ, ಅದೂ ಸಾಲು ಸಾಲಾಗಿ, ನಾಲಿಗೆ ಥರದ ಒಂದು ಪಟ್ಟಿ ಮೇಲೆ, ಬಡಗಿ ಹತ್ರ ಇರೋ ಅರದ ಹಾಗೆ. ರಾಡುಲಾ ಅಂತಾರೆ ಅದಕ್ಕೆ. ಮುಂದಿನ ಸಾಲು ಕಲ್ಲಿಗೆ ಉಜ್ಜಿ ಉಜ್ಜಿ ಸವೆದು ಉದುರ್ತಿದ್ರೆ ಹಿಂದಿನಿಂದ ಹೊಸ ಸಾಲು ಬರ್ತಾನೇ ಇರುತ್ತೆ, ಸಾಯೋ ತನಕ. ಇದೊಂದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

19ನೇ ಶತಮಾನದಲ್ಲಿ ಚಿಪ್ಪು ನೋಡಿ ಇದು ಯಾವ ಕುಟುಂಬ ಅಂತ ಹೇಳೋರು, ಆದ್ರೆ ಚಿಪ್ಪು ಮೋಸ ಮಾಡುತ್ತೆ, ಸಂಬಂಧವೇ ಇಲ್ಲದ ಎರಡು ಹುಳಕ್ಕೆ ಒಂದೇ ಥರ ಚಿಪ್ಪು ಇರಬಹುದು. ಹಾಗಾಗಿ ಬಾಯೊಳಗೆ ನೋಡೋಕೆ ಶುರುಮಾಡಿದ್ರು. ಸ್ವೀಡನ್‌ನ ಪ್ರಾಣಿಶಾಸ್ತ್ರಜ್ಞ ಲೋವೆನ್ 1847ರಲ್ಲೇ ಈ ಹಲ್ಲುಗಳ ಬಗ್ಗೆ ಬರೆದ್ರು. ಆಮೇಲೆ ಜರ್ಮನಿಯ ಬಾನ್‌ನಲ್ಲಿದ್ದ ಟ್ರೋಶೆಲ್ 1856ರಿಂದ ಬಸವನಹುಳಗಳ ಹಲ್ಲಿನ ಮೇಲೇ ಒಂದು ದೊಡ್ಡ ಗ್ರಂಥ ಹೊರತರೋಕೆ ಹೊರಟ್ರು, 1882ರಲ್ಲಿ ತೀರ್ಕೊಂಡ್ರು, ಅದನ್ನ ಥೀಲೆ ಅನ್ನೋ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ 1893ಕ್ಕೆ ಮುಗಿಸಿದ್ರು. ಎರಡು ಜೀವ ಸವೆಸಿದ ಕೆಲಸ ಅದು, ನನಗಂತೂ ನೆನೆಸ್ಕೊಂಡ್ರೇ ಗೌರವ ಬರುತ್ತೆ.

ಮಾಡ್ತಿದ್ದದ್ದು ಹೀಗೆ: ಹುಳದ ತಲೆಭಾಗವನ್ನ ಕಾಸ್ಟಿಕ್ ಪೊಟ್ಯಾಶ್ ಅನ್ನೋ ಖಾರವಾದ ಕ್ಷಾರದಲ್ಲಿ ಹಾಕಿದ್ರೆ ಮಾಂಸ ಎಲ್ಲ ಕರಗುತ್ತೆ, ರಾಡುಲಾ ಕೈಟಿನ್‌ (ಕೀಟಗಳ ಹೊರಕವಚದಲ್ಲಿರೋ ಗಟ್ಟಿ ವಸ್ತು) ನದ್ದಾದ್ರಿಂದ ಉಳಿಯುತ್ತೆ, ಅದನ್ನ ಗಾಜಿನ ಸ್ಲೈಡ್ ಮೇಲೆ ಹರಡಿ ಎಣಿಸೋದು. ಸಾಲಿಗೆ 7 ಹಲ್ಲಿದ್ರೆ ಒಂದು ಗುಂಪು, ಬೀಸಣಿಗೆ ಥರ ಹತ್ತಾರು ಹಲ್ಲು ಹರಡಿದ್ರೆ ಇನ್ನೊಂದು. ಕೋನಸ್ ಶಂಖದಲ್ಲಂತೂ ಹಲ್ಲೇ ಟೊಳ್ಳು ಈಟಿಯಾಗಿದೆ, ಅದ್ರಲ್ಲಿ ವಿಷ ತುಂಬಿ ಬೇಟೆಗೆ ಚುಚ್ಚುತ್ತೆ.

ಆದ್ರೆ ಸ್ಲೈಡ್‌ನಲ್ಲಿ ಹಲ್ಲು ಒಂದರ ಮೇಲೊಂದು ಬಿದ್ದು ಆಳ ಗೊತ್ತಾಗ್ತಿರಲಿಲ್ಲ. 1965ರಲ್ಲಿ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮಾರ್ಕೆಟ್‌ಗೆ ಬಂದ್ಮೇಲೆ ಚಿತ್ರವೇ ಬದಲಾಯ್ತು. ಮೇಲೆ ತೆಳುವಾಗಿ ಚಿನ್ನ ಲೇಪಿಸಿ ಒಳಗಿಟ್ರೆ ಪ್ರತಿ ಹಲ್ಲಿನ ಮೊನೆ, ಬಾಗು, ಸವೆದ ಗುರುತು ಎಲ್ಲ ಬೆಟ್ಟದ ಸಾಲು ನೋಡಿದಂಗೆ ಕಾಣುತ್ತೆ. ಇನ್ನೂ ಸೂಕ್ಷ್ಮಕ್ಕೆ ಹೋದವರೂ ಇದಾರೆ, 2015ರಲ್ಲಿ ಬ್ರಿಟನ್‌ನ ಪೋರ್ಟ್ಸ್‌ಮತ್ ಯೂನಿವರ್ಸಿಟಿಯ ಏಸಾ ಬಾರ್ಬರ್ ತಂಡ ಬಂಡೆಗೆ ಅಂಟ್ಕೊಂಡಿರೋ ಲಿಂಪೆಟ್ ಅನ್ನೋ ಕಡಲ ಬಸವನಹುಳದ ಹಲ್ಲನ್ನ ಎಳೆದು ಪರೀಕ್ಷೆ ಮಾಡಿ, ಅದರ ಬಲ 6.5 ಗಿಗಾಪಾಸ್ಕಲ್ (ಎಳೆತ ತಡೆಯೋ ಬಲದ ಅಳತೆ) ತನಕ ಹೋಗುತ್ತೆ, ಜೇಡರ ಬಲೆಯ ದಾರಕ್ಕಿಂತ ಗಟ್ಟಿ ಅಂತ ತೋರಿಸ್ತು, ಕಾರಣ ಒಳಗೆ ಒತ್ತಾಗಿ ಹೆಣೆದ ಗೋಥೈಟ್ ಅನ್ನೋ ಕಬ್ಬಿಣದ ಖನಿಜದ ನಾರುಗಳು.

ಈಗ ಮೊದಲು ಹೇಳಿದ ಆ ಹೊಸ ಸಾಲಿನ ವಿಷಯಕ್ಕೆ ಬರೋಣ. ಅಮೆರಿಕದ ಜೀವವಿಜ್ಞಾನಿ ಡಯಾನಾ ಪಡಿಲ್ಲಾ, ಲಕೂನಾ ಅನ್ನೋ ಪುಟ್ಟ ಕಡಲ ಬಸವನಹುಳಗಳ ಮೇಲೆ ಕೆಲಸ ಮಾಡಿ 1998ರಲ್ಲಿ ಪ್ರಕಟಿಸಿದ್ರು: ಊಟ ಬದಲಾದ್ರೆ ಆಮೇಲೆ ಹುಟ್ಟೋ ಸಾಲುಗಳ ಆಕಾರವೇ ಬದಲಾಗುತ್ತೆ! ಕೆಲ್ಪ್ ಅನ್ನೋ ದೊಡ್ಡ ಪಾಚಿ ತಿನ್ನೋವಾಗ ಚೂಪು, ಕಡಲಹುಲ್ಲಿನ ಮೇಲಿನ ಪಾಚಿ ಕೆರೆಯೋವಾಗ ಮೊಂಡು. ಅಂದ್ರೆ ಒಂದೇ ಜಾತಿಯನ್ನ ಬರೀ ಹಲ್ಲಿನ ಮೊನೆ ನೋಡಿ ಎರಡು ಅಂದ್ಕೊಳ್ಳೋಕೆ ಸಾಧ್ಯ.

ಈಗ ಡಿಎನ್ಎ ಜೊತೆಗಿಟ್ಟೇ ಹಲ್ಲು ನೋಡ್ತಾರೆ, ಒಳ್ಳೇದೇ. ಆದ್ರೆ ಸ್ಯಾಂಪಲ್ ಬಾಟಲಿ ಮೇಲೆ ಜಾಗ, ತಾರೀಕು ಬರೆಯೋವಾಗ ಆ ಹುಳ ಯಾವುದರ ಮೇಲೆ ಕೂತು ತಿಂತಿತ್ತು ಅನ್ನೋದನ್ನೂ ಒಂದು ಸಾಲು ಬರೀಲೇಬೇಕು.